ಸಂಜೀವಿನಿ ಸಂಘದ ಸಾಲ ಸೇವೆ: ಬಡ್ಡಿ ಅಗ್ಗ, ಆದರೆ ನಿಜವಾದ ಗಳಿಕೆ ನಡಾವಳಿ ಪುಸ್ತಕದಲ್ಲಿದೆ

ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾಳೆ ಬೆಳಿಗ್ಗೆಗೆ ದುಡ್ಡು ಬೇಕಾದವರಿಗೆ ಸಂಜೀವಿನಿ ಸಂಘ ಒದಗುವುದಿಲ್ಲ. ಹತ್ತು ಹನ್ನೆರಡು ಹೆಣ್ಣುಮಕ್ಕಳು ವಾರಕ್ಕೊಮ್ಮೆ ಕೂತು, ಐವತ್ತೋ ನೂರೋ ಉಳಿಸಿ, ತಮ್ಮೊಳಗೇ ಸಾಲ ಕೊಟ್ಟು ತೀರಿಸಿ, ಪುಸ್ತಕ ಬರೆದು ಆರು ತಿಂಗಳು ಕಳೆದ ಮೇಲೆ ಬ್ಯಾಂಕ್ ಸಾಲದ ಮಾತು. ಹಾಗಿದ್ದರೂ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಹಳ್ಳಿಗಳಲ್ಲಿ ಪಹಣಿ ತನ್ನ ಹೆಸರಲ್ಲಿಲ್ಲದ, ಅಡ ಇಡಲು ಬಂಗಾರವಿಲ್ಲದ ಹೆಂಗಸಿಗೆ ಇದಕ್ಕಿಂತ ಅಗ್ಗದ, ಇದಕ್ಕಿಂತ ಮರ್ಯಾದೆಯ ಸಾಲ ಸಿಗುವುದು ಕಷ್ಟ. ಸಂಘ ನೆಟ್ಟಗೆ ನಡೆದರೆ ಎಂಬ ಮಾತು ಮಾತ್ರ ಇದರ ಜೊತೆಗೇ ಇರಬೇಕು. ನೆಟ್ಟಗೆ ನಡೆಯದ ಸಂಘಗಳೂ ಬೇಕಾದಷ್ಟಿವೆ. ಅವು ಎಲ್ಲಿ ಕೆಡುತ್ತವೆ, ಏಕೆ ಕೆಡುತ್ತವೆ ಎಂಬುದೇ ಇಲ್ಲಿ ಮುಖ್ಯ.

ಸಂಜೀವಿನಿ ಎಂದರೆ 2011ರಲ್ಲಿ ಶುರುವಾದ ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಅಭಿಯಾನದ ಕರ್ನಾಟಕದ ರೂಪ. ಕೆಳಗೆ 10ರಿಂದ 20 ಸದಸ್ಯೆಯರ ಸ್ವಸಹಾಯ ಸಂಘ (ಅಂಗವಿಕಲರ ಸಂಘಕ್ಕೆ 5 ಜನ ಸಾಕು), ಅದರ ಮೇಲೆ ವಾರ್ಡ್ ಮಟ್ಟದ ಒಕ್ಕೂಟ, ಅದರ ಮೇಲೆ ಗ್ರಾಮ ಪಂಚಾಯಿತಿ ಮಟ್ಟದ ಒಕ್ಕೂಟ. ಪಂಚಾಯಿತಿ ಒಕ್ಕೂಟದ ಲೆಕ್ಕ ಬರೆಯುವವರು ಎಂಬಿಕೆ, ಅಂದರೆ ಮುಖ್ಯ ಪುಸ್ತಕ ಬರಹಗಾರ್ತಿ. ಓಣಿ ಓಣಿ ತಿರುಗಿ ಸಂಘ ಕಟ್ಟುವವರು ಎಲ್‌ಸಿಆರ್‌ಪಿ. ಇವರ ಜೊತೆಗೆ ಬೇಸಾಯ, ಜಾನುವಾರುಗಳ ಬಗ್ಗೆ ಸಲಹೆ ಕೊಡುವ ಕೃಷಿ ಸಖಿ, ಪಶು ಸಖಿಯರಿರುತ್ತಾರೆ. ಸಂಘ ಸೇರಬೇಕೆಂದರೆ ಮೊದಲು ಹುಡುಕಬೇಕಾದದ್ದು ಎಂಬಿಕೆಯನ್ನು. ಅವರು ಸಿಗುವುದು ಪಂಚಾಯಿತಿ ಕಚೇರಿಯಲ್ಲಿ ಅಥವಾ ಅದರ ಪಕ್ಕದ ಒಕ್ಕೂಟದ ಕೋಣೆಯಲ್ಲಿ.

ದುಡ್ಡು ಬರುವ ದಾರಿ ಹೀಗಿದೆ. ಹನ್ನೆರಡು ಜನರ ಸಂಘ, ತಲೆಗೆ ವಾರಕ್ಕೆ ₹100 ಉಳಿತಾಯ ಅಂದುಕೊಳ್ಳಿ. ಆರು ತಿಂಗಳಿಗೆ, ಅಂದರೆ 26 ವಾರಕ್ಕೆ, ₹31,200 ಆಗುತ್ತದೆ. ಈ ದುಡ್ಡು ಖಾತೆಯಲ್ಲಿ ಸುಮ್ಮನೆ ಕೂರಬಾರದು. ಎರಡನೇ ತಿಂಗಳಿಂದಲೇ ಸದಸ್ಯೆಯರೊಳಗೆ ಒಳಸಾಲವಾಗಿ ಓಡಾಡಬೇಕು, ನೂರಕ್ಕೆ ತಿಂಗಳಿಗೆ ಒಂದೋ ಎರಡೋ ರೂಪಾಯಿ ಬಡ್ಡಿಗೆ. ಆ ಬಡ್ಡಿ ಮತ್ತೆ ಸಂಘಕ್ಕೇ ಸೇರುತ್ತದೆ. ಮೂರು ತಿಂಗಳು ಪಂಚಸೂತ್ರ ಪಾಲಿಸಿದ ಸಂಘಕ್ಕೆ ₹20,000ದಿಂದ ₹30,000 ಸುತ್ತುನಿಧಿ, ಅಂದರೆ ಒಳಸಾಲವಾಗಿ ಮತ್ತೆ ಮತ್ತೆ ಸುತ್ತಿಸಲು ಯೋಜನೆಯಿಂದ ಬರುವ ದುಡ್ಡು, ಸಿಗುತ್ತದೆ. ತಪ್ಪದೆ ಸಭೆ, ತಪ್ಪದೆ ಉಳಿತಾಯ, ತಪ್ಪದೆ ಒಳಸಾಲ, ತಪ್ಪದೆ ಮರುಪಾವತಿ, ಅಂದಂದಿನ ಲೆಕ್ಕ ಅಂದೇ ಪುಸ್ತಕಕ್ಕೆ: ಪಂಚಸೂತ್ರ ಎಂದರೆ ಇವು. ಸುತ್ತುನಿಧಿ ₹20,000 ಎಂದಿಟ್ಟುಕೊಂಡರೂ ಆರು ತಿಂಗಳಿಗೆ ಸಂಘದ ಸ್ವಂತ ಬಂಡವಾಳ, ಒಳಸಾಲದ ಬಡ್ಡಿ ಬಿಟ್ಟು, ₹51,200.

ಇಲ್ಲಿಂದ ಬ್ಯಾಂಕ್ ಲೆಕ್ಕ. ರಿಸರ್ವ್ ಬ್ಯಾಂಕಿನ ಸುತ್ತೋಲೆಯಂತೆ ಮೊದಲ ಸಲದ ಸಾಲ ಸಂಘದ ಬಂಡವಾಳದ ಆರು ಪಟ್ಟು ಅಥವಾ ₹1.5 ಲಕ್ಷ, ಎರಡರಲ್ಲಿ ಯಾವುದು ಹೆಚ್ಚೋ ಅದು. ನಮ್ಮ ಹನ್ನೆರಡು ಜನರ ಸಂಘಕ್ಕೆ ಅದು ₹3 ಲಕ್ಷ ದಾಟುತ್ತದೆ. ಎರಡನೇ ಸಲ ಎಂಟು ಪಟ್ಟು ಅಥವಾ ₹3 ಲಕ್ಷ, ಮೂರನೇ ಸಲ ಕನಿಷ್ಠ ₹6 ಲಕ್ಷ. ₹10 ಲಕ್ಷದವರೆಗೆ ಬ್ಯಾಂಕು ಅಡಮಾನ ಕೇಳುವಂತಿಲ್ಲ, ಸಂಘದ ಉಳಿತಾಯ ಖಾತೆಯ ದುಡ್ಡನ್ನು ಹಿಡಿದಿಡುವಂತೆಯೂ ಇಲ್ಲ. ಇದನ್ನು ಎರಡು ಸಲ ಓದಿಕೊಳ್ಳಿ, ಏಕೆಂದರೆ ಕೆಲವು ಶಾಖೆಗಳಲ್ಲಿ ಇಂದಿಗೂ ‘ಐವತ್ತು ಸಾವಿರ ಡಿಪಾಸಿಟ್ ಇಡಿ, ಆಮೇಲೆ ನೋಡೋಣ’ ಎನ್ನುವುದು ಉಂಟು. ಡಿಪಾಸಿಟ್ ಇಟ್ಟರೆ ಒಳಸಾಲ ನಿಲ್ಲುತ್ತದೆ, ಒಳಸಾಲ ನಿಂತರೆ ಪಂಚಸೂತ್ರದ ಮೂರನೆಯದೇ ಮುರಿಯಿತು. ಉಳಿತಾಯ ಖಾತೆ ತೆರೆಯುವಾಗ ಹನ್ನೆರಡೂ ಜನರ ಕೆವೈಸಿ (ಗುರುತು, ವಿಳಾಸದ ದಾಖಲೆ) ಕೇಳುವುದು ಇನ್ನೊಂದು ತೊಡಕು. ನಿಯಮದ ಪ್ರಕಾರ ಪದಾಧಿಕಾರಿಗಳ ಕೆವೈಸಿ ಸಾಕು, ಉಳಿದವರದ್ದನ್ನು ಸಾಲ ಮಂಜೂರಾಗುವ ಹೊತ್ತಿಗೆ ಕೊಟ್ಟರೆ ಆಯಿತು. ಇಂಥ ಕಡೆ ಸಂಘದವರು ಒಬ್ಬೊಬ್ಬರಾಗಿ ಹೋಗಬಾರದು. ಒಕ್ಕೂಟದ ಲೆಟರ್‌ಹೆಡ್‌ನಲ್ಲಿ ಮನವಿ ಬರೆದು, ನಾಲ್ಕು ಜನ ಕೂಡಿ ಹೋಗಿ, ಸ್ವೀಕೃತಿಯ ಸೀಲು ಹಾಕಿಸಿಕೊಂಡು ಬರಬೇಕು.

ಬೆಲೆ ವಿಷಯಕ್ಕೆ ಬಂದರೆ ಈ ಸೇವೆಗೆ ಪೂರ್ತಿ ಅಂಕ. ₹3 ಲಕ್ಷದವರೆಗೆ ಸಂಘಕ್ಕೆ ಬೀಳುವ ಬಡ್ಡಿ ವರ್ಷಕ್ಕೆ 7%, ಕ್ರಮವಾಗಿ ಕಟ್ಟಿದವರಿಗೆ ಇನ್ನೂ 3% ರಿಯಾಯಿತಿ ಎಂದು ಯೋಜನೆ ಹೇಳುತ್ತದೆ. ₹50,000 ಸಾಲವನ್ನು 24 ತಿಂಗಳ ಸಮಾನ ಕಂತಲ್ಲಿ ತೀರಿಸುವ ಲೆಕ್ಕ ತೆಗೆದುಕೊಳ್ಳೋಣ. ಮೈಕ್ರೋ ಫೈನಾನ್ಸ್‌ನಲ್ಲಿ ಇಳಿಕೆ ಬಡ್ಡಿ (ಉಳಿದ ಅಸಲಿನ ಮೇಲಷ್ಟೇ ಹಾಕುವ ಬಡ್ಡಿ) 24% ಆದರೆ ತಿಂಗಳ ಕಂತು ಸುಮಾರು ₹2,644, ಒಟ್ಟು ಬಡ್ಡಿ ₹13,445ರಷ್ಟು. ಸಂಘ ತನ್ನ ಸದಸ್ಯೆಗೆ 12% ಇಳಿಕೆ ಬಡ್ಡಿಗೆ ಕೊಟ್ಟರೆ ಕಂತು ₹2,354, ಬಡ್ಡಿ ₹6,488. ಇದರಲ್ಲಿ ಬ್ಯಾಂಕಿಗೆ 7% ಲೆಕ್ಕದಲ್ಲಿ ಹೋಗುವುದು ₹3,727 ಮಾತ್ರ. ಮಿಕ್ಕ ₹2,761 ಸಂಘದ ಬಂಡವಾಳಕ್ಕೇ ಜಮೆ, ಅದರಲ್ಲಿ ಸಾಲ ತೆಗೆದವಳ ಪಾಲೂ ಇದೆ. ಒಂದು ಎಚ್ಚರಿಕೆ: ‘ನಮ್ಮದು ಬರೀ ಒಂದು ರೂಪಾಯಿ ಬಡ್ಡಿ’ ಎಂದು ಯಾರಾದರೂ ಹೇಳಿದರೆ ಅದು ಫ್ಲಾಟ್ ಬಡ್ಡಿಯೋ (ಕೊನೆಯವರೆಗೂ ಪೂರ್ತಿ ಅಸಲಿನ ಮೇಲೆ ಹಾಕುವ ಬಡ್ಡಿ) ಇಳಿಕೆ ಬಡ್ಡಿಯೋ ಕೇಳಿ. 12% ಫ್ಲಾಟ್ ಎಂದರೆ ಇದೇ ಸಾಲಕ್ಕೆ ಬಡ್ಡಿ ₹12,000, ಇಳಿಕೆ ಲೆಕ್ಕದಲ್ಲಿ ಅದು ಹೆಚ್ಚುಕಡಿಮೆ 21.5% ಆಗುತ್ತದೆ. ಕೆಲವು ಸಂಘಗಳು ತಮ್ಮ ಸದಸ್ಯೆಯರಿಗೇ ತಿಳಿಯದೆ ಫ್ಲಾಟ್ ಹಚ್ಚುತ್ತಿರುತ್ತವೆ. ಮೋಸವೇ ಆಗಿರಬೇಕಿಲ್ಲ, ಪ್ರತಿ ತಿಂಗಳು ಉಳಿದ ಅಸಲಿನ ಮೇಲೆ ಬಡ್ಡಿ ಲೆಕ್ಕ ಹಾಕಲು ಯಾರಿಗೂ ಬಾರದಿದ್ದರೆ ಹೀಗಾಗುತ್ತದೆ.

ಸಾಲದ ಬಗೆಯಲ್ಲಿ ಒಂದು ಆಯ್ಕೆ ಇದೆ. ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರಿನಂಥ ಮಳೆಯಾಶ್ರಿತ ಕಡೆಯವರು ಇದನ್ನು ಮರೆಯಲೇಬಾರದು. ಅವಧಿ ಸಾಲವಾದರೆ ತಿಂಗಳು ತಿಂಗಳು ಅಸಲು-ಬಡ್ಡಿ ಎರಡೂ ಕಟ್ಟಬೇಕು. ಮೆಕ್ಕೆಜೋಳ, ಶೇಂಗಾ ನಂಬಿದ ಮನೆಗೆ ದುಡ್ಡು ಕಾಣುವುದು ವರ್ಷಕ್ಕೊಂದೇ ಸಲ, ಕೊಯ್ಲಾದ ಮೇಲೆ. ಜೂನ್‌ನಲ್ಲಿ ಬೀಜ, ಗೊಬ್ಬರಕ್ಕೆಂದು ಸಾಲ ತಂದು ಜುಲೈ, ಆಗಸ್ಟ್, ಸೆಪ್ಟೆಂಬರ್ ಕಂತಿಗೆ ಮೂರು ರೂಪಾಯಿ ಬಡ್ಡಿಯ ಕೈಸಾಲ ಮಾಡುವುದು ಈ ಭಾಗದ ಮಾಮೂಲು ಕಥೆ. ಹಾಗಾಗಿ ಕ್ಯಾಶ್ ಕ್ರೆಡಿಟ್ ಮಿತಿ, ಅಂದರೆ ಸಿಸಿಎಲ್ ಕೇಳಿ. ಮೂರು ವರ್ಷಕ್ಕೆ ಮಂಜೂರಾಗುತ್ತದೆ, ಬಳಸಿದ ಮೊತ್ತಕ್ಕಷ್ಟೇ ಬಡ್ಡಿ, ಬೇಕಾದಾಗ ತುಂಬಬಹುದು, ಮತ್ತೆ ತೆಗೆಯಬಹುದು. ಬಡ್ಡಿ ರಿಯಾಯಿತಿ ಉಳಿಯಬೇಕಾದರೆ ಮೂರು ಷರತ್ತು: ಬಾಕಿ ಮಿತಿಯನ್ನು ಮೀರಿ ಸತತ 30 ದಿನಕ್ಕಿಂತ ಹೆಚ್ಚು ನಿಲ್ಲಬಾರದು, ತಿಂಗಳಿಗೆ ಒಂದಾದರೂ ಜಮೆ ಇರಬೇಕು, ಆ ಜಮೆ ಆ ತಿಂಗಳು ಬಿದ್ದ ಬಡ್ಡಿಯನ್ನು ಮುಚ್ಚುವಷ್ಟಿರಬೇಕು. ಅವಧಿ ಸಾಲಕ್ಕಾದರೆ ಪ್ರತಿ ಕಂತೂ ಗಡುವಿನಿಂದ 30 ದಿನದೊಳಗೆ ಬೀಳಬೇಕು. ಡೈರಿಗೆ ಹಾಲು ಹಾಕುವ ಮನೆಗಳಿಗೆ ಹಾಲಿನ ಬಟವಾಡೆ ಹತ್ತಿರಹತ್ತಿರದಲ್ಲೇ ಬರುವುದರಿಂದ ಅವಧಿ ಸಾಲವೂ ಕಷ್ಟವಾಗುವುದಿಲ್ಲ. ಭದ್ರಾ ಕಾಲುವೆಯ ಹರಿಹರ, ದಾವಣಗೆರೆ ಸೀಮೆಯಲ್ಲಿ ಭತ್ತದ ಎರಡು ಬೆಳೆ ನಡೆಯುವ ಕಡೆಯೂ ಅಷ್ಟೇ.

ಇನ್ನು ಕೆಡುವ ಜಾಗಗಳು. ಎಲ್ಲಕ್ಕಿಂತ ದೊಡ್ಡ ಕೇಡು ಸಮಪಾಲು. ₹3 ಲಕ್ಷ ಬಂತು, ಹನ್ನೆರಡು ಜನ, ತಲೆಗೆ ₹25,000, ಮುಗಿಯಿತು. ಕೇಳಲು ನ್ಯಾಯವಾಗಿದೆ, ಜಗಳವೂ ಇಲ್ಲ. ಆದರೆ ಹಸು ಕೊಳ್ಳಬೇಕಾದವಳಿಗೆ ಇಪ್ಪತ್ತೈದು ಸಾವಿರ ಸಾಲದು, ಮಿಕ್ಕದ್ದಕ್ಕೆ ಅವಳು ಮೈಕ್ರೋ ಫೈನಾನ್ಸ್ ಬಾಗಿಲಿಗೆ ಹೋಗುತ್ತಾಳೆ. ಸಾಲವೇ ಬೇಡವಾದವಳು ತನ್ನ ಪಾಲು ತೆಗೆದು ಹೊರಗಿನವರಿಗೆ ಬಡ್ಡಿಗೆ ಬಿಡುತ್ತಾಳೆ. ಎರಡೂ ಕಡೆ ಸಂಘ ಸೋತ ಹಾಗೆ. ಇದನ್ನು ತಪ್ಪಿಸಲೆಂದೇ ಎಂಸಿಪಿ ಎಂಬ ಕಿರು ಸಾಲ ಯೋಜನೆ ಇದೆ. ಪ್ರತಿ ಸದಸ್ಯೆಯ ಮನೆಯ ಆದಾಯ, ಖರ್ಚು, ಈಗಿರುವ ಸಾಲ, ಯಾವ ಕೆಲಸಕ್ಕೆ ಎಷ್ಟು ಬೇಕು, ಯಾವ ತಿಂಗಳಿಂದ ಕಟ್ಟಬಲ್ಲಳು ಎಂದು ಬರೆದು, ಯಾರಿಗೆ ಮೊದಲು ಎಂದು ಸಭೆಯಲ್ಲೇ ತೀರ್ಮಾನಿಸುವುದು. ನೆಟ್ಟಗೆ ಮಾಡಿದರೆ ಎರಡು ಮೂರು ಸಭೆ ಹಿಡಿಯುತ್ತದೆ. ಹಲವು ಕಡೆ ಒಂದೇ ಮಧ್ಯಾಹ್ನ ಒಬ್ಬರೇ ಕೂತು ಹನ್ನೆರಡು ಜನರದ್ದೂ ತುಂಬಿ, ಎಲ್ಲರ ಮುಂದೂ ‘ಹೈನುಗಾರಿಕೆ’ ಎಂದು ಬರೆದು ಸಹಿ ಹಾಕಿಸುತ್ತಾರೆ. ಆ ಕಾಗದಕ್ಕೆ ಬೆಲೆಯಿಲ್ಲ.

ನಿಧಾನದ ದಾರಿಯನ್ನೇ ಹಿಡಿಯಿರಿ ಎನ್ನುವುದಕ್ಕೆ ಕಾರಣ ಈ ಎರಡು ಮೂರು ಸಭೆಗಳಲ್ಲಿದೆ. ಸಾಮಾಜಿಕ ಅಭಿವೃದ್ಧಿ, ಸಮುದಾಯ ಅಭಿವೃದ್ಧಿ, ಸಬಲೀಕರಣ ಎಂಬ ಮೂರನ್ನೂ ಸರ್ಕಾರಿ ಭಾಷಣಗಳಲ್ಲಿ ಒಂದೇ ಉಸಿರಿಗೆ ಹೇಳುತ್ತಾರೆ. ಸಂಘದ ಕೋಣೆಯಲ್ಲಿ ಅವು ಬೇರೆಬೇರೆಯಾಗಿ ಕಣ್ಣಿಗೆ ಕಾಣುತ್ತವೆ. ಸಾಲ, ಶೌಚಾಲಯ, ಶಾಲೆ, ಪಿಂಚಣಿ ಮನೆಗೆ ತಲುಪುವುದು ಸಾಮಾಜಿಕ ಅಭಿವೃದ್ಧಿ, ಅದನ್ನು ಮೇಲಿನಿಂದ ತಂದೂ ಕೊಡಬಹುದು. ಯಾರಿಗೆ ಮೊದಲು, ಯಾರಿಗೆ ಆಮೇಲೆ ಎಂದು ಹನ್ನೆರಡು ಜನ ಎದುರಾಬದುರು ಕೂತು ತೀರ್ಮಾನಿಸಿ, ಆ ತೀರ್ಮಾನಕ್ಕೆ ಕಟ್ಟುಬೀಳುವುದು ಸಮುದಾಯ ಅಭಿವೃದ್ಧಿ. ಅದೇ ಸಭೆಯಲ್ಲಿ ಎಲ್ಲರಿಗಿಂತ ಬಡವಳು, ಎಲ್ಲರಿಗಿಂತ ಕಿರಿಯವಳು ‘ಅಕ್ಕಾರೆ, ಈ ಸಲ ನನಗೆ ಬೇಕು, ಅವರಿಗೆ ಆಮೇಲೆ ಆಗಲಿ’ ಎಂದು ಹೇಳಿ, ಆ ಮಾತು ನಡಾವಳಿಗೆ ಬರೆಸಿಕೊಂಡಳು ಅಂದರೆ ಅದು ಸಬಲೀಕರಣ. ನಡುವಿನದ್ದನ್ನು ಬಿಟ್ಟು ಮೊದಲನೆಯದರಿಂದ ಮೂರನೆಯದಕ್ಕೆ ಹಾರಲು ಆಗುವುದಿಲ್ಲ. ಸಮಪಾಲು ಆ ನಡುವಿನದ್ದನ್ನೇ ನುಂಗುತ್ತದೆ, ಯಾರೂ ಮಾತಾಡಬೇಕಾದ ಪ್ರಸಂಗವೇ ಬರದಂತೆ ಮಾಡುತ್ತದೆ.

ದೇಶ ಈ ಪಾಠವನ್ನು ಒಮ್ಮೆ ಕಲಿತಿದೆ. 1952ರ ಅಕ್ಟೋಬರ್ 2ರಂದು 55 ಯೋಜನಾ ಪ್ರದೇಶಗಳಲ್ಲಿ ಸಮುದಾಯ ಅಭಿವೃದ್ಧಿ ಕಾರ್ಯಕ್ರಮ ಶುರುವಾಯಿತು. ರಸ್ತೆ, ಬಾವಿ, ಹೊಸ ಬಿತ್ತನೆ ಬೀಜ ಬಂದವು. ಏನು ಬೇಕೆಂಬ ತೀರ್ಮಾನ ಅಧಿಕಾರಿಗಳದ್ದು, ಜನರದ್ದು ಬಹುಪಾಲು ಶ್ರಮದಾನ. 1957ರಲ್ಲಿ ಬಲವಂತರಾಯ್ ಮೆಹ್ತಾ ಸಮಿತಿ ಇದನ್ನು ನೋಡಿ, ಜನರೇ ಆರಿಸಿದ ಸಂಸ್ಥೆಗಳ ಕೈಗೆ ಅಧಿಕಾರ ಕೊಡದೆ ಇದು ನಿಲ್ಲದು ಎಂಬ ತೀರ್ಮಾನಕ್ಕೆ ಬಂತು. ಸಂಘಗಳ ಚರಿತ್ರೆ ಅದಕ್ಕಿಂತ ಈಚಿನದು, ಕರ್ನಾಟಕದ ಮಣ್ಣಿನದೂ ಹೌದು. 1980ರ ದಶಕದಲ್ಲಿ ಮೈರಾಡ ಸಂಸ್ಥೆ ಕಟ್ಟಿದ ಸಣ್ಣ ಸಾಲ ಗುಂಪುಗಳನ್ನು ಕಂಡು ನಬಾರ್ಡ್ (ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕ್) 1987ರಲ್ಲಿ ₹10 ಲಕ್ಷ ನೆರವು ಕೊಟ್ಟಿತು. 1992ರಲ್ಲಿ 500 ಗುಂಪುಗಳನ್ನು ಗುರಿಯಾಗಿಟ್ಟುಕೊಂಡು ಬ್ಯಾಂಕ್ ಜೋಡಣೆ ಪ್ರಯೋಗಕ್ಕಿಳಿಯಿತು. 2000-01ರಲ್ಲಿ ರಾಜ್ಯದ ಸ್ತ್ರೀಶಕ್ತಿ ಸಂಘಗಳ ಯೋಜನೆ ಬಂತು. ಇಂದು ಸಂಜೀವಿನಿಯಲ್ಲಿರುವ ಹಲವು ಸಂಘಗಳ ಬೇರು ಅಲ್ಲಿದೆ.

ಸಭೆ ಸೇರುವ ಜಾಗವನ್ನು ಯಾರೂ ದೊಡ್ಡ ವಿಷಯ ಎಂದುಕೊಳ್ಳುವುದಿಲ್ಲ, ಆದರೆ ಸಂಘದ ಹಣೆಬರಹ ಬಹಳ ಸಲ ಅಲ್ಲೇ ತೀರ್ಮಾನವಾಗುತ್ತದೆ. ದೇವಸ್ಥಾನದ ಜಗಲಿಯಲ್ಲಿ ಸಭೆ ಇಟ್ಟರೆ ಮುಟ್ಟಾದವರು ಬರುವುದಿಲ್ಲ, ತಿಂಗಳಿಗೊಂದು ಗೈರುಹಾಜರಿ, ಅದಕ್ಕೆ ದಂಡ. ದಲಿತ ಕೇರಿಯ ಸದಸ್ಯೆಯರು ಮೆಟ್ಟಿಲ ಕೆಳಗೇ ನಿಲ್ಲಬೇಕಾದ ಊರುಗಳಲ್ಲಿ ಅವರು ಸಂಘಕ್ಕೇ ಸೇರುವುದಿಲ್ಲ. ಸಂಘದ ಪ್ರತಿನಿಧಿಯ, ಅಂದರೆ ಪದಾಧಿಕಾರಿಯ, ಮನೆಯ ಪಡಸಾಲೆಯಾದರೆ ಆ ಮನೆಯ ಗಂಡಸರು ಒಳಗೆ ಹೊರಗೆ ಓಡಾಡುತ್ತಿರುವಾಗ ಯಾರ ಬಾಯಿಂದಲೂ ಖರೆ ಮಾತು ಬರದು. ಅಂಗನವಾಡಿ, ಶಾಲೆಯ ಕೋಣೆ, ಸಮುದಾಯ ಭವನ, ಒಕ್ಕೂಟದ ಕೋಣೆ, ಇವುಗಳಲ್ಲಿ ಒಂದನ್ನು ಠರಾವು ಮಾಡಿ ಗೊತ್ತು ಮಾಡಿಕೊಳ್ಳಿ. ಹೊತ್ತೂ ಅಷ್ಟೇ ಮುಖ್ಯ, ಡೈರಿಗೆ ಹಾಲು ಹಾಕಿ ಬಂದ ಮೇಲೆ, ಅಡುಗೆಗೆ ಕೂರುವ ಮುಂಚೆ ಸಿಗುವ ಒಂದು ಗಂಟೆ.

ಚಿತ್ರದುರ್ಗ ಜಿಲ್ಲೆಯ ಕೆಲವು ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದವರನ್ನೂ ಬಾಣಂತಿಯರನ್ನೂ ಊರಾಚೆ ಇಡುವ ಪದ್ಧತಿ ಇನ್ನೂ ಪೂರ್ತಿ ಹೋಗಿಲ್ಲ. ಅಲ್ಲಿ ಹೊರಗಿದ್ದವರಿಗೆ ಮಳೆ ಚಳಿ ತಾಗದಂತೆ ಕಟ್ಟಡ ಕೊಡುವುದೂ ಒಂದು ಬಗೆಯ ಅಭಿವೃದ್ಧಿಯೇ. ಆದರೆ ಹೊರಗೇ ಇರಬೇಕೆಂಬ ಕಟ್ಟಳೆಯನ್ನು ಆ ಕಟ್ಟಡ ಇನ್ನಷ್ಟು ಗಟ್ಟಿ ಮಾಡಿಬಿಡಬಹುದು. ಮುಟ್ಟಾದವಳೂ ಸಂಘದ ಚಾಪೆಯ ಮೇಲೆ ಕೂತು ಹಾಜರಿ ಹಾಕುವುದು ಚಿಕ್ಕ ಕೆಲಸದ ಹಾಗೆ ಕಾಣುತ್ತದೆ. ಕಟ್ಟಡಕ್ಕಿಂತ ದೂರ ಹೋಗುವುದು ಅದೇ. ಇದನ್ನು ಹೊರಗಿನವರು ಹೇರಲು ಹೋದರೆ ಸಂಘವೇ ಒಡೆಯುತ್ತದೆ, ಹಟ್ಟಿಯ ಸದಸ್ಯೆಯರೇ ಎತ್ತಿಕೊಳ್ಳಬೇಕು.

ಪುಸ್ತಕಗಳ ಬಗ್ಗೆ ಕಟ್ಟುನಿಟ್ಟಾಗಿರಿ. ಹಾಜರಿ ಮತ್ತು ನಡಾವಳಿ ಪುಸ್ತಕ, ನಗದು ಪುಸ್ತಕ, ಉಳಿತಾಯ-ಸಾಲದ ಲೆಡ್ಜರ್, ಪ್ರತಿ ಸದಸ್ಯೆಯ ಪಾಸ್‌ಬುಕ್. ಪೆನ್ಸಿಲ್ ಬರಹ, ತಿದ್ದಿದ ಅಂಕಿ, ಖಾಲಿ ಹಾಳೆಗೆ ಮೊದಲೇ ಹಾಕಿಸಿದ ಸಹಿ, ‘ಬ್ಯಾಂಕಿಗೆ ಹೋಗಲು ಪುರುಸೊತ್ತಾಗಲಿಲ್ಲ’ ಎಂದು ಒಬ್ಬರ ಮನೆಯಲ್ಲೇ ವಾರಗಟ್ಟಲೆ ಉಳಿದ ನಗದು: ಇವುಗಳಲ್ಲಿ ಒಂದು ಕಂಡರೂ ಅದೇ ಸಭೆಯಲ್ಲಿ ಕೇಳಬೇಕು. ಬಹುತೇಕ ಸಂಘಗಳಲ್ಲಿ ಓದುಬರಹ ಬರುವ ಒಬ್ಬಳ ಮೇಲೆ ಎಲ್ಲ ಭಾರ ಬಿದ್ದಿರುತ್ತದೆ, ಹಾಗಾಗಿ ಆಕೆಯೇ ವರ್ಷಗಟ್ಟಲೆ ಪ್ರತಿನಿಧಿ. ಬರೆಯುವ ಕೆಲಸ ಒಬ್ಬರದ್ದಿರಲಿ, ತಪ್ಪೇನಿಲ್ಲ. ಆದರೆ ಬರೆದದ್ದನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿ ಹೇಳಬೇಕು, ಪ್ರತಿನಿಧಿಗಳನ್ನು ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಬ್ಯಾಂಕಿಗೆ ಪ್ರತಿ ಸಲ ಒಬ್ಬ ಪ್ರತಿನಿಧಿಯ ಜೊತೆ ಬೇರೆಬೇರೆ ಸದಸ್ಯೆ ಹೋಗಿಬರಲಿ. ಚಲನ್ ತುಂಬುವುದು, ಮ್ಯಾನೇಜರ್ ಎದುರು ಕೂತು ಮಾತಾಡುವುದು ಹೀಗೇ ಬರುತ್ತದೆ.

ಒಕ್ಕೂಟದಿಂದ ಬರುವ ಸಮುದಾಯ ಬಂಡವಾಳ ನಿಧಿಯ ವಿಷಯದಲ್ಲಿ ತಪ್ಪು ತಿಳಿವಳಿಕೆ ವಿಪರೀತ. ಒಂದು ಸಂಘಕ್ಕೆ ₹2.5 ಲಕ್ಷದವರೆಗೆ ಬರಬಹುದು. ಇದು ಸರ್ಕಾರ ಒಕ್ಕೂಟಕ್ಕೆ ಕೊಟ್ಟದ್ದು, ಸಂಘಕ್ಕೆ ಸಾಲ. ‘ಸರ್ಕಾರದ ದುಡ್ಡು, ಯಾರೂ ಕೇಳಲ್ಲ’ ಎಂಬ ಗಾಳಿಮಾತು ಚುನಾವಣೆ ಹತ್ತಿರ ಬಂದಂತೆ ಜೋರಾಗುತ್ತದೆ. ಒಂದು ಸಂಘ ಕಟ್ಟುವುದು ನಿಲ್ಲಿಸಿದರೆ ಅದೇ ಪಂಚಾಯಿತಿಯ ಇನ್ನೊಂದು ಓಣಿಯ ಹೊಸ ಸಂಘಕ್ಕೆ ಸರದಿ ಬರುವುದಿಲ್ಲ. ಕಳೆದುಕೊಳ್ಳುವವರು ಪಕ್ಕದ ಓಣಿಯವರು ಎಂದು ಹೆಸರು ಹಿಡಿದು ಹೇಳುವ ಒಕ್ಕೂಟಗಳಲ್ಲಿ ವಸೂಲಿ ಚೆನ್ನಾಗಿರುತ್ತದೆ.

ಗಂಡ ಅಥವಾ ಮಗ ಹೆಂಗಸಿನ ಹೆಸರಲ್ಲಿ ಸಾಲ ಎತ್ತಿಸುವುದನ್ನು ಈ ವ್ಯವಸ್ಥೆ ತಡೆಯಲಾರದು, ತಡೆಯುತ್ತದೆ ಎಂದು ನಂಬಿಸುವುದೂ ಬೇಡ. ಸಾಲವನ್ನು ನಗದಾಗಿ ಕೊಡದೆ ಆಕೆಯ ಖಾತೆಗೇ ಹಾಕುವುದು, ತಿಂಗಳೊಳಗೆ ಇಬ್ಬರು ಸದಸ್ಯೆಯರು ಮನೆಗೆ ಹೋಗಿ ಕೊಂಡ ಹಸು, ಹೊಲಿಗೆ ಮಿಷನ್ ನೋಡಿ ನಡಾವಳಿಗೆ ಬರೆಯುವುದು, ಇಷ್ಟು ಮಾಡಬಹುದು. ಮಗಳ ಮದುವೆಗೋ ಆಸ್ಪತ್ರೆಗೋ ಬೇಕಿದ್ದರೆ ಹಾಗೆಂದೇ ಬರೆಯಿರಿ, ಸುಳ್ಳು ಕಾರಣ ಬರೆದರೆ ಮರುಪಾವತಿಯ ಲೆಕ್ಕವೂ ಸುಳ್ಳಾಗುತ್ತದೆ. ಸಾಲ ತೆಗೆದ ಸದಸ್ಯೆ ತೀರಿಕೊಂಡರೆ ಮಿಕ್ಕವರ ಮೇಲೆ ಬೀಳುವ ಹೊರೆಗೆ ವಿಮೆ ಇದೆ: ಪ್ರಧಾನಮಂತ್ರಿ ಜೀವನ ಜ್ಯೋತಿ ವರ್ಷಕ್ಕೆ ₹436 (18ರಿಂದ 50 ವರ್ಷದೊಳಗೆ ಸೇರಬೇಕು), ಸುರಕ್ಷಾ ಬಿಮಾ ₹20 (18ರಿಂದ 70, ಅಪಘಾತಕ್ಕೆ ಮಾತ್ರ), ಎರಡರಲ್ಲೂ ₹2 ಲಕ್ಷ. ಮೇ ಕೊನೆಯಲ್ಲಿ ಖಾತೆಯಲ್ಲಿ ಅಷ್ಟು ದುಡ್ಡಿಲ್ಲದಿದ್ದರೆ ವಿಮೆ ನಿಂತುಹೋಗುತ್ತದೆ, ಆ ತಿಂಗಳ ಸಭೆಯಲ್ಲಿ ಎಲ್ಲರ ಪಾಸ್‌ಬುಕ್ ನೋಡುವುದು ಲೇಸು.

ಮೈಕ್ರೋ ಫೈನಾನ್ಸ್ ಗುಂಪಿನಲ್ಲಿ ಈಗಾಗಲೇ ಇರುವವರು ಸಂಘಕ್ಕೂ ಸೇರಬಹುದು, ಆದರೆ ಬಾಕಿಯನ್ನು ಮುಚ್ಚಿಡಬೇಡಿ. 2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕ್ ನಿಯಮದಂತೆ ಮನೆಯ ಎಲ್ಲ ಸಾಲಗಳ ತಿಂಗಳ ಕಂತು ತಿಂಗಳ ಆದಾಯದ ಅರ್ಧ ಮೀರುವಂತೆ ಆ ಕಂಪನಿಗಳು ಸಾಲ ಕೊಡಬಾರದು. ಅದೇ ಅಳತೆಯನ್ನು ಸಂಘವೂ ಇಟ್ಟುಕೊಳ್ಳಲಿ. ವಸೂಲಿಗೆ ಬಂದವರು ಬೆದರಿಸಿದರೆ, ಮನೆ ಮುಂದೆ ಕೂತರೆ, ಪೊಲೀಸ್ ಠಾಣೆಗೆ ದೂರು ಕೊಡಬಹುದು. ಒಬ್ಬಳೇ ಹೋಗುವುದಕ್ಕೂ ಒಕ್ಕೂಟದ ಹತ್ತು ಜನ ಹೋಗುವುದಕ್ಕೂ ಅಲ್ಲಿ ಸಿಗುವ ಉತ್ತರ ಬೇರೆ.

ಸಾಲದಾಚೆಗೆ ಈ ಸೇವೆಯಲ್ಲಿ ಹೆಚ್ಚು ಬೆಲೆಯುಳ್ಳದ್ದು, ಕಡಿಮೆ ಬಳಕೆಯಾಗುತ್ತಿರುವುದು, ವಿಪಿಆರ್‌ಪಿ ಎಂಬ, ಊರಿನ ಬಡತನ ನೀಗಲು ಸಂಘಗಳೇ ಬರೆದು ಕೊಡುವ ಗ್ರಾಮ ಯೋಜನೆ. ಪ್ರತಿ ಸಂಘ ತನ್ನ ಸದಸ್ಯೆಯರಿಗೆ ಬರಬೇಕಾದ ಪಿಂಚಣಿ, ಪಡಿತರ ಚೀಟಿ, ಉದ್ಯೋಗ, ಓಣಿಯ ನೀರು, ಚರಂಡಿ, ಬೀದಿದೀಪಗಳ ಬೇಡಿಕೆ ಬರೆದು ಒಕ್ಕೂಟಕ್ಕೆ ಕೊಡುತ್ತದೆ. ಒಕ್ಕೂಟ ಅವನ್ನು ಕೂಡಿಸಿ ಗ್ರಾಮಸಭೆಯಲ್ಲಿ ಮಂಡಿಸಿ, ಪಂಚಾಯಿತಿಯ ವಾರ್ಷಿಕ ಯೋಜನೆಗೆ ಸೇರಿಸಬೇಕು. ಪಂಚಾಯಿತಿ ಯೋಜನೆಯ ಅಭಿಯಾನ ಅಕ್ಟೋಬರ್ ಆಸುಪಾಸಿನಲ್ಲಿ ಶುರುವಾಗುವುದರಿಂದ ಆಗಸ್ಟ್, ಸೆಪ್ಟೆಂಬರ್‌ನಲ್ಲೇ ಬೇಡಿಕೆ ಬರೆದಿಟ್ಟುಕೊಳ್ಳಿ. ‘ಚರಂಡಿ ಬೇಕು’ ಎಂದರೆ ಕಡತದಲ್ಲೇ ಉಳಿಯುತ್ತದೆ. ಯಾವ ಮನೆಯಿಂದ ಯಾವ ಮನೆವರೆಗೆ, ಎಷ್ಟು ಮೀಟರ್, ನೀರು ಈಗ ಎಲ್ಲಿ ನಿಲ್ಲುತ್ತದೆ ಎಂದು ಬರೆದರೆ ಎಂಜಿನಿಯರ್ ಅಂದಾಜು ಮಾಡಲು ಸಿಗುತ್ತದೆ. ಗ್ರಾಮಸಭೆ ಮುಗಿದ ಮೇಲೆ ನಡಾವಳಿಯ ನಕಲು ಕೇಳಿ ಪಡೆಯುವುದನ್ನು ಬಿಡಬೇಡಿ. ಹಲವು ಪಂಚಾಯಿತಿಗಳಲ್ಲಿ ಕಸದ ಗಾಡಿ ಓಡಿಸುತ್ತಿರುವವರು, ಕೂಸಿನ ಮನೆ (ಪಂಚಾಯಿತಿಯ ಶಿಶುಪಾಲನಾ ಕೇಂದ್ರ) ನೋಡಿಕೊಳ್ಳುತ್ತಿರುವವರು ಸಂಘದ ಹೆಣ್ಣುಮಕ್ಕಳೇ. ಹೀಗೆ ಪಂಚಾಯಿತಿಯೊಡನೆ ಕೆಲಸದ ನಂಟು ಇರುವಲ್ಲಿ ಒಕ್ಕೂಟದ ಮಾತಿಗೆ ತೂಕ ಹೆಚ್ಚು.

ಸೇರುವ ಮುಂಚೆ ಒಂದು ಸಭೆಗೆ ಸುಮ್ಮನೆ ಹೋಗಿ ಕೂತು ನೋಡಿ. ಕಳೆದ ಸಭೆಯ ನಡಾವಳಿ ಓದಿದರೇ? ಸಾಲ ಕೇಳಿದವಳನ್ನು ಪ್ರಶ್ನೆ ಕೇಳಿದವರು ಎಷ್ಟು ಜನ? ಒಬ್ಬ ಸದಸ್ಯೆಯನ್ನು ‘ನಿಮ್ಮ ಉಳಿತಾಯ ಈಗ ಎಷ್ಟಕ್ಕ?’ ಎಂದು ಕೇಳಿದರೆ ಪಾಸ್‌ಬುಕ್ ತೆರೆದು ತಾನೇ ಹೇಳುತ್ತಾಳೋ, ಪ್ರತಿನಿಧಿಯ ಮುಖ ನೋಡುತ್ತಾಳೋ? ಮುಖ ನೋಡಿದರೆ ಆ ಸಂಘ ಬಿಟ್ಟು ಬೇರೆ ನೋಡಿ, ಅಥವಾ ಹತ್ತು ಜನರನ್ನು ಕೂಡಿಸಿ ಹೊಸದನ್ನೇ ಕಟ್ಟಿ. ಬೇಕಾಗುವುದು ಆಧಾರ್, ಪಡಿತರ ಚೀಟಿ, ಸ್ವಂತ ಬ್ಯಾಂಕ್ ಖಾತೆ, ಫೋಟೊ, ಇಂಥ ದಿನ ಸಂಘ ಕಟ್ಟಿದೆವು ಎಂಬ ಠರಾವು. ಸಂಜೀವಿನಿ ಇರುವುದು ಗ್ರಾಮ ಪಂಚಾಯಿತಿ ವ್ಯಾಪ್ತಿಗೆ ಮಾತ್ರ. ದಾವಣಗೆರೆ ಮಹಾನಗರ ಪಾಲಿಕೆ, ಚಿತ್ರದುರ್ಗ ನಗರಸಭೆಯ ಒಳಗಿರುವವರು ಅಲ್ಲಿನ ಕಚೇರಿಯಲ್ಲೇ ನಗರ ಸಂಘಗಳ ವಿಚಾರಿಸಬೇಕು.